ತಂಬಿಗೆಯ ಬೆವರೂ ಈಜುಕೊಳದ ಬಾಷ್ಪವೂ

ರಾಣೆಬೆನ್ನೂರಿನ ಓದುಗರೊಬ್ಬರು, ಬಿತ್ತನೆ ಬೀಜದ ವ್ಯಾಪಾರದಲ್ಲಿ ತಲೆ ನರೆತವರು, ಮೊಮ್ಮಗನ ಹಟಕ್ಕೆ ಸೋತು ಬೆಂಗಳೂರಿನ ಒಂದು ಒಳಾಂಗಣ ಈಜುಕೊಳಕ್ಕೆ ಹೋಗಿದ್ದರಂತೆ. ಹುಡುಗನು ನೀರಿನಲ್ಲಿ ಮುಳುಗಿ ಏಳುತ್ತಿದ್ದಷ್ಟು ಹೊತ್ತೂ ದಡದ ಕುರ್ಚಿಯಲ್ಲಿ ಕುಳಿತು ಬೆವರೊರೆಸಿಕೊಂಡ ಇವರು, ಎದುರಿನ ಗಾಜಿನ ಗೋಡೆಯ ಮೇಲೆ ಧಾರೆಧಾರೆಯಾಗಿ ಇಳಿಯುತ್ತಿದ್ದ ನೀರನ್ನು ಕಂಡು, ಅಲ್ಲಿಯ ಮೇಲ್ವಿಚಾರಕನನ್ನು ವಿಚಾರಿಸಿದಾಗ, ತೇವವನ್ನು ಹೀರುವ ಯಂತ್ರವು ಕೆಟ್ಟಿದೆಯೆಂದೂ ಅದರ ಬೆಲೆ ಲಕ್ಷಗಳ ಲೆಕ್ಕದ್ದೆಂದೂ ಉತ್ತರ ಬಂದಿತಂತೆ. ‘ನಾಲ್ಕು ಕಿಟಕಿ ತೆರೆದರೆ ಹೋಗುವ ಹಬೆಗೆ ಲಕ್ಷಾಂತರದ ಯಂತ್ರವೇಕೆ?’ ಎಂಬುದು ಪತ್ರದಲ್ಲಿ ಅವರು ಕೇಳಿದ ಪ್ರಶ್ನೆ. ವ್ಯಾಪಾರಸ್ಥರಿಗೆ ಸಹಜವಾದ, ಆದರೆ ವಿಜ್ಞಾನದ ದೃಷ್ಟಿಯಿಂದ ಬಹಳ ಸೊಗಸಾದ ಪ್ರಶ್ನೆ.

ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತ ನಮ್ಮ ಸೀಮೆಯವರಿಗೆ, ಮಾಡಿನ ಕೆಳಗಿನ ಬೆಚ್ಚನೆಯ ಕೊಳವೆಂಬುದು ಪರದೇಶದ ವಸ್ತುವಿನಂತೆ ತೋರಬಹುದು. ಆದರೆ ಅದರ ರಹಸ್ಯವನ್ನು ತಿಳಿಯುವುದಕ್ಕೆ ಪರದೇಶಕ್ಕೆ ಹೋಗಬೇಕಾದ್ದಿಲ್ಲ. ರಾಣೆಬೆನ್ನೂರಿನಿಂದ ಹಾವೇರಿಯ ಕಡೆಗೆ ಹೊರಟ ರೈಲು ನಡುವೆ ನಿಲ್ಲುವ ಬ್ಯಾಡಗಿಯಲ್ಲಿ ಇಳಿದರೆ ಸಾಕು. ಅಲ್ಲಿಯ ಕೋಲ್ಡ್ ಸ್ಟೋರೇಜುಗಳಲ್ಲಿ, ಮೆಣಸಿನಕಾಯಿಯ ಚೀಲಗಳ ನಡುವೆ, ಈಜುಕೊಳದ ಆ ಯಂತ್ರದ ಅಣ್ಣನೇ ಹಗಲಿರುಳು ದುಡಿಯುತ್ತಿದ್ದಾನೆ.

ಬ್ಯಾಡಗಿ ಮೆಣಸಿನಕಾಯಿಯ ಕೀರ್ತಿ ಖಾರದ್ದಲ್ಲ, ಬಣ್ಣದ್ದು. ಡಬ್ಬಿಯಾಗಲಿ ಕಡ್ಡಿಯಾಗಲಿ, ಅದರ ಸುಕ್ಕುಗಟ್ಟಿದ ಸಿಪ್ಪೆಯಲ್ಲಿ ಅಡಗಿರುವ ಕೆಂಪಿಗಾಗಿಯೇ ವ್ಯಾಪಾರಿಯು ಹಣ ತೆರುತ್ತಾನೆ, ಆ ಹೆಸರಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಈ ಕೆಂಪೋ ಬಹು ಸುಕುಮಾರವಾದದ್ದು. ಶಾಖ, ಬೆಳಕು, ಗಾಳಿ ಈ ಮೂರೂ ಅದನ್ನು ಮಾಸಿಸುತ್ತವೆ. ಇವುಗಳ ಜೊತೆಗೆ ತೇವವೂ ಸೇರಿತೆಂದರೆ ಬೂಷ್ಟು ಹಿಡಿದು ಕಾಯಿಯೇ ಕೆಡುತ್ತದೆ. ಹಾಗೆಂದು ತೀರ ಒಣಗಿಸಿದರೆ ಮುಟ್ಟಿದಲ್ಲಿ ಮುರಿದು ಪುಡಿಯಾಗುತ್ತದೆ. ಆದುದರಿಂದ ಶೀತಲಗೃಹದ ಯಜಮಾನನು ಹತ್ತು ಡಿಗ್ರಿಗಿಂತ ಕೆಳಗಿನ ತಂಪನ್ನು ಕಾಯುವುದರ ಜೊತೆಗೆ, ಗಾಳಿಯ ಸಾಪೇಕ್ಷ ಆರ್ದ್ರತೆಯನ್ನೂ ಶೇಕಡಾ 60ರಿಂದ 65ರ ಆಸುಪಾಸಿನಲ್ಲಿ ಹಿಡಿದಿಡಬೇಕಾಗುತ್ತದೆ. ಪತ್ರ ಬರೆದ ಮಹನೀಯರಿಗೆ ಇದರಲ್ಲಿ ಹೊಸದೇನೂ ಇರಲಾರದು. ಫ್ಯಾರನ್‌ಹೀಟ್ ಮಾಪಕದ ಉಷ್ಣಾಂಶವನ್ನೂ ಶೇಕಡಾವಾರು ಆರ್ದ್ರತೆಯನ್ನೂ ಕೂಡಿಸಿದ ಮೊತ್ತವು ನೂರನ್ನು ಮೀರದಿದ್ದರೆ ಬೀಜವು ಕ್ಷೇಮ ಎಂಬ ಹ್ಯಾರಿಂಗ್ಟನ್ನನ ಸೂತ್ರವು ಬೀಜದ ಗೋದಾಮುಗಳವರಿಗೆ ಮಗ್ಗಿಯಂತೆ ಬಾಯಿಗೆ ಬರುವಂಥದು.

ಒಮ್ಮೆ ಆಷಾಢದಲ್ಲಿ ಅಂತಹದೊಂದು ಶೀತಲಗೃಹವನ್ನು ಹೊಕ್ಕು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಒಳಗೆ ಹೋಗುವಾಗ ಘಾಟಿಗೆ ನಾಲ್ಕು ಸಲ ಸೀನಿದ್ದು ಬಿಟ್ಟರೆ ವಿಶೇಷವೇನೂ ನಡೆಯಲಿಲ್ಲ. ಹೊರಗೆ ಬಂದೊಡನೆ ನನ್ನ ಕನ್ನಡಕವು ಕ್ಷಣಮಾತ್ರದಲ್ಲಿ ಕುರುಡಾಯಿತು! ಒರೆಸಿದೆ, ಮತ್ತೆ ಕುರುಡು. ಜೊತೆಯಲ್ಲಿದ್ದ ಹಮಾಲನೊಬ್ಬನು ನಕ್ಕು, ‘ಒರಸಬ್ಯಾಡ್ರೀ, ಅದು ತಂಡಿ ಬಿಡೂತನಕಾ ಹಂಗ’ ಎಂದನು. ಪಾಠಶಾಲೆಯ ಪುಸ್ತಕದಲ್ಲಿ ಎರಡು ಪುಟ ಹಿಡಿಯುವ ವಿಷಯವನ್ನು ಅವನು ಐದು ಮಾತಿನಲ್ಲಿ ಮುಗಿಸಿದ್ದನು.

ಕನ್ನಡಕದ ಈ ‘ಬೆವರಿನ’ ವಿಷಯದಲ್ಲಿಯೇ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ಆಸೆ. ಏಕೆಂದರೆ ಇದರಷ್ಟು ಸಾಧಾರಣವಾದ, ಇದರಷ್ಟು ತಪ್ಪಾಗಿ ತಿಳಿಯಲ್ಪಟ್ಟ ಸಂಗತಿ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ಹೊರಮೈ ಒದ್ದೆಯಾಗಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಫ್ರಿಜ್ಜಿನಿಂದ ತೆಗೆದಿಟ್ಟ ಸ್ಟೀಲಿನ ತಂಬಿಗೆಯ ಹೊರಮೈಯೂ ಒದ್ದೆಯಾಗುವುದನ್ನು ಕಂಡಿದ್ದೇವೆ. ಎರಡಕ್ಕೂ ಒಂದೇ ಹೆಸರು ಕೊಟ್ಟು, ‘ಬೆವರಿದೆ’ ಎಂದು ಸುಮ್ಮನಾಗುತ್ತೇವೆ. ವಾಸ್ತವದಲ್ಲಿ ಇವೆರಡೂ ಒಂದಕ್ಕೊಂದು ನೇರ ವಿರುದ್ಧವಾದ ಕ್ರಿಯೆಗಳು. ಹೂಜಿಯ ನೀರು ಒಳಗಿನಿಂದ ಸೂಕ್ಷ್ಮರಂಧ್ರಗಳ ಮೂಲಕ ಹೊರಕ್ಕೆ ಜಿನುಗಿ, ಆವಿಯಾಗಿ ಹಾರಿಹೋಗುವಾಗ ಹೂಜಿಯ ಶಾಖವನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಆದ್ದರಿಂದ ಹೂಜಿ ತಣ್ಣಗಾಗುತ್ತದೆ. ತಂಬಿಗೆಯ ಮೇಲಿನ ನೀರಾದರೋ ತಂಬಿಗೆಯೊಳಗಿನದೇ ಅಲ್ಲ, ಸುತ್ತಣ ಗಾಳಿಯದು. ಅದು ಆವಿಯ ರೂಪವನ್ನು ತೊರೆದು ಹನಿಯಾಗುವಾಗ ತಾನು ಹೊತ್ತಿದ್ದ ಶಾಖವನ್ನು ತಂಬಿಗೆಗೆ ಒಪ್ಪಿಸಿಬಿಡುತ್ತದೆ. ಆದ್ದರಿಂದ ತಂಬಿಗೆ ಬೆಚ್ಚಗಾಗುತ್ತದೆ. ನಂಬುಗೆಯಿಲ್ಲದವರು ತಂಬಿಗೆಯಲ್ಲಿ ಕೆಂಪು ಶರಬತ್ತನ್ನು ತುಂಬಿ ತಣ್ಣಗೆ ಮಾಡಿ, ಹೊರಮೈಯ ಹನಿಯನ್ನು ಬೆರಳಿನಿಂದ ತೆಗೆದು ನಾಲಗೆಗೆ ಮುಟ್ಟಿಸಿ ನೋಡಬಹುದು. ಅದಕ್ಕೆ ಬಣ್ಣವೂ ಇಲ್ಲ, ಸಿಹಿಯೂ ಇಲ್ಲ.

ಇಷ್ಟು ಸುಲಭದ ಪರೀಕ್ಷೆಯನ್ನು ಮಾಡದ ಕಾರಣದಿಂದಲೇ, ಮಳೆಗಾಲದ ಮೊದಲ ದಿನಗಳಲ್ಲಿ ಒಂದಲ್ಲ ಒಂದು ಊರಿನಿಂದ ‘ದೇವರ ಮೂರ್ತಿ ಬೆವರುತ್ತಿದೆ’ ಎಂಬ ಸುದ್ದಿ ಹುಟ್ಟಿ, ಜನ ಗುಂಪುಗೂಡಿ, ಶಾಂತಿ ಹೋಮಕ್ಕೆ ಚಂದಾ ಎತ್ತುವವರೆಗೂ ಹೋಗುತ್ತದೆ. ಹಾವೇರಿಯ ಸಿದ್ಧೇಶ್ವರನ ಗುಡಿಯೊಳಗೆ ನಡುಮಧ್ಯಾಹ್ನ ಕಂಬಕ್ಕೆ ಬೆನ್ನು ಕೊಟ್ಟು ಕುಳಿತವರಿಗೆ ಗೊತ್ತು, ದಪ್ಪ ಕಲ್ಲಿನ ತಂಪು ಅಷ್ಟು ಬೇಗನೆ ಬಿಡುವುದಲ್ಲ. ಅಂತಹ ತಂಪು ಕಲ್ಲಿಗೆ ಪಶ್ಚಿಮದಿಂದ ಬಂದ ನೀರುಗಾಳಿ ತಾಗಿದರೆ, ಕಲ್ಲು ದೇವರಾಗಿರಲಿ ಒರಳಾಗಿರಲಿ, ಬೆವರಲೇಬೇಕು. ‘ಮೂರ್ತಿ ಬೆವರಿದರೆ ಮಳೆ ಬರುತ್ತದೆ’ ಎನ್ನುವ ಹಳಬರ ಮಾತನ್ನು ನಾನು ಹಳಿಯಲಾರೆ, ಗಾಳಿಯ ತೇವ ಏರಿದ್ದನ್ನು ಅವರು ಸರಿಯಾಗಿಯೇ ಓದಿದ್ದಾರೆ. ಅಡುಗೆಮನೆಯ ಉಪ್ಪು ನೀರೊಡೆಯುವುದೂ ಅದೇ ಸಾಕ್ಷ್ಯವನ್ನು ಹೇಳುತ್ತದೆ. ಉಪ್ಪಿನ ಮರಿಗೆಗೆ ಹೋಮ ಮಾಡಿಸದವರು ಮೂರ್ತಿಯ ಬೆವರಿಗೆ ಮಾತ್ರ ಏಕೆ ಹೆದರಬೇಕೋ ನಾನರಿಯೆ.

ಗಾಳಿಯು ಆವಿಯನ್ನು ಹೊರುವ ಶಕ್ತಿ ಅದರ ಶಾಖದ ಮೇಲೆ ನಿಂತಿದೆ. 30 ಡಿಗ್ರಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಮಿನಷ್ಟು ಆವಿಯನ್ನು ಹೊರಬಲ್ಲುದು. 10 ಡಿಗ್ರಿಗೆ ಇಳಿಸಿದರೆ ಒಂಬತ್ತೂವರೆ ಗ್ರಾಮಿಗೇ ಅದರ ಕೈ ಸೋಲುತ್ತದೆ, ಉಳಿದುದನ್ನು ಅದು ಹನಿಯಾಗಿ ಇಳಿಸಲೇಬೇಕು. ಹಾಗೆ ಇಳಿಸತೊಡಗುವ ಉಷ್ಣಾಂಶಕ್ಕೆ ಇಬ್ಬನಿಬಿಂದು ಎಂದು ಹೆಸರು. ಇನ್ನು ಆವಿಯ ಒಡಲಿನಲ್ಲಿ ಬಚ್ಚಿಟ್ಟುಕೊಂಡ ಗುಪ್ತೋಷ್ಣದ ಪ್ರಮಾಣವಂತೂ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ: ಕುದಿಯದೆ, ಸದ್ದಿಲ್ಲದೆ, ಒಂದೇ ಒಂದು ಲೀಟರ್ ನೀರು ಆವಿಯಾಗಿ ಹೋದರೆ, 25 ಡಿಗ್ರಿಯ ಏಳು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲಷ್ಟು ಶಾಖವು ಅದರೊಡನೆ ಹೋದಂತೆ. ವಿದ್ಯುತ್ತಿನ ಲೆಕ್ಕದಲ್ಲಿ ಅದು ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಪಾಲು.

ಈಗ ಈಜುಕೊಳದ ಹಣಕಾಸನ್ನು ನೋಡಿರಿ. 25 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲದ ಕೊಳ. ನೀರು 28 ಡಿಗ್ರಿ, ಮೇಲಿನ ಗಾಳಿ 30 ಡಿಗ್ರಿ, ಆರ್ದ್ರತೆ ಶೇಕಡಾ 55. ಈಜುವವರ ಗದ್ದಲವಿದ್ದಾಗ ಗಂಟೆಗೆ ಅರವತ್ತು ಲೀಟರಿನಷ್ಟೂ, ನಿಶ್ಚಲವಾಗಿರುವಾಗ ಅದರ ಅರ್ಧದಷ್ಟೂ ಆವಿಯಾಗುತ್ತದೆಂದು ಹಿಡಿದರೆ, ದಿನವೊಂದಕ್ಕೆ ಸಾವಿರ ಲೀಟರ್ ನೀರು ಕಣ್ಣಿಗೆ ಕಾಣದೆ ಗಾಳಿಗೆ ಸೇರಿತು. ಅದರೊಡನೆ ಸುಮಾರು 680 ಯೂನಿಟ್ಟಿನ ಶಾಖವೂ ಸೇರಿತು. ಈಜುಕೊಳವು ಕಳೆದುಕೊಳ್ಳುವ ಶಾಖದಲ್ಲಿ ಶೇಕಡಾ 70ರಷ್ಟು ಈ ದಾರಿಯಿಂದಲೇ ಹೋಗುತ್ತದೆಂದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಇಷ್ಟನ್ನೂ ಫ್ಯಾನು ಹಾಕಿ ಹೊರದೂಡುವುದೆಂದರೆ, ನೀರು ಕಾಯಿಸಿದ ಕಟ್ಟಿಗೆಯ ದುಡ್ಡನ್ನು ಕಿಟಕಿಯಿಂದ ಎಸೆದು, ಮತ್ತೆ ಕಟ್ಟಿಗೆ ಕೊಳ್ಳಲು ಹೋದ ಹಾಗೆ.

ಚಳಿಗಾಲದಲ್ಲಿ ಇದು ಬರಿಯ ದುಂದು. ಮಳೆಗಾಲದಲ್ಲಾದರೋ ಕಿಟಕಿ ತೆರೆಯುವುದು ದುಂದಿನ ಮೇಲೆ ಅವಿವೇಕ. ಕೊಳದ ಮನೆಯ ಗಾಳಿಯಲ್ಲಿ ನಮಗೆ ಬೇಕಾದ ಆವಿ ಘನಮೀಟರಿಗೆ 17 ಗ್ರಾಮನ್ನು ಮೀರಬಾರದು. ಶ್ರಾವಣದ ಜಡಿಮಳೆಯಲ್ಲಿ ಹೊರಗಿನ 24 ಡಿಗ್ರಿಯ, ಶೇಕಡಾ 90ರ ಆರ್ದ್ರತೆಯ ಗಾಳಿಯಲ್ಲಿ ಆಗಲೇ ಇಪ್ಪತ್ತು ಗ್ರಾಮಿನ ಹತ್ತಿರವಿದೆ! ಒದ್ದೆ ಅರಿವೆಯಿಂದ ಒದ್ದೆ ನೆಲವನ್ನು ಒರೆಸಿದರೆ ಒಣಗೀತೆ?

ಯಂತ್ರವು ಮಾಡುವುದಿಷ್ಟೆ. ಆರ್ದ್ರ ಗಾಳಿಯನ್ನು ಒಂದು ತಣ್ಣನೆಯ ಕೊಳವೆಗಳ ಜಾಲದ ಮೇಲೆ ಹಾಯಿಸುತ್ತದೆ. ಅಂದರೆ ತನ್ನೊಳಗೊಂದು ತಂಬಿಗೆಯನ್ನು ಇಟ್ಟುಕೊಂಡು ಅದನ್ನು ಬೆವರಿಸುತ್ತದೆ. ಗಾಳಿ ಒಣಗಿತು, ನೀರು ಚರಂಡಿಗೆ ಹೋಯಿತು, ಗುಪ್ತೋಷ್ಣವು ಕೊಳವೆಯೊಳಗಿನ ದ್ರವಕ್ಕೆ ಬಂದು ಸೇರಿತು. ಬ್ಯಾಡಗಿಯ ಶೀತಲಗೃಹದಲ್ಲಿ ನಡೆಯುವುದೂ ಇದೇ. ಆದರೆ ಅಲ್ಲಿ ಹೀಗೆ ಕೂಡಿದ ಶಾಖವು ಬೇಡದ ನೆಂಟ. ಅದನ್ನು ಹೊರಗಿನ ಕಂಡೆನ್ಸರಿಗೆ ಒಯ್ದು ಊರಿನ ಗಾಳಿಗೆ ತೂರಿಬಿಡುತ್ತಾರೆ. ಈಜುಕೊಳದವನು ಅದೇ ನೆಂಟನನ್ನು ಮಣೆ ಹಾಕಿ ಕೂರಿಸುತ್ತಾನೆ. ಒಂದು ಪಾಲನ್ನು ತಣ್ಣಗಾದ ಗಾಳಿಯನ್ನು ಮರಳಿ ಬೆಚ್ಚಗಾಗಿಸುವುದಕ್ಕೂ, ಉಳಿದುದನ್ನು ಕೊಳದ ನೀರಿಗೂ ಕೊಡುತ್ತಾನೆ. ನೀರಿನಿಂದ ಹೊರಟ ಶಾಖವು ಆವಿಯ ಪಲ್ಲಕ್ಕಿ ಏರಿ, ಊರೆಲ್ಲ ಸುತ್ತಿ, ಹೊರಟ ಮನೆಗೇ ಬಂದು ಇಳಿದಂತಾಯಿತು. ಕಂಪ್ರೆಸರಿಗೆ ಒಂದು ಯೂನಿಟ್ ವಿದ್ಯುತ್ತು ಕೊಟ್ಟರೆ ಎರಡು ಮೂರು ಲೀಟರ್ ನೀರನ್ನು ಗಾಳಿಯಿಂದ ಕೀಳಬಹುದು, ಕೊಟ್ಟ ಯೂನಿಟ್ಟೂ ಶಾಖವಾಗಿ ಅಲ್ಲಿಯೇ ಉಳಿಯುತ್ತದೆ.

ಹವಾನಿಯಂತ್ರಣವೆಂದರೆ ಸೆಕೆ ಕಳೆಯುವ ಭೋಗವೆಂದು ತಿಳಿದವರಿಗೆ ಒಂದು ಮಾತು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ, ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಅತ್ತಿತ್ತ ಸರಿಯುತ್ತಿದ್ದುವು. ಅದನ್ನು ಸರಿಪಡಿಸಲು ಇಪ್ಪತ್ತೈದು ವರ್ಷದ ಇಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ರಚಿಸಿದ ಯಂತ್ರವೇ ಇಂದಿನ ಏ.ಸಿ.ಗಳ ಮೂಲಪುರುಷ. ಅದು ಹುಟ್ಟಿದ್ದು ಮನುಷ್ಯನ ಸುಖಕ್ಕಲ್ಲ, ಕಾಗದದ ಸುಖಕ್ಕೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಖಕ್ಕೆ ದುಡಿಯುವಾಗ ಅದು ತನ್ನ ಕುಲವೃತ್ತಿಯನ್ನೇ ನಡೆಸುತ್ತಿದೆಯೆನ್ನಬೇಕು.

ಪತ್ರದ ಕೊನೆಯಲ್ಲಿ ಮೊಮ್ಮಗನದೂ ಒಂದು ತಕರಾರಿತ್ತು: ನೀರಿಗಿಂತ ಗಾಳಿಯನ್ನು ಹೆಚ್ಚು ಬೆಚ್ಚಗಿಡುವುದೇಕೆ, ತಾತನಿಗೆ ಸೆಕೆಯಾಗುವುದಿಲ್ಲವೆ? ಮಗು, ತಾತನು ಒಣಬಟ್ಟೆಯಲ್ಲಿದ್ದನು, ನೀನು ಒದ್ದೆ ಮೈಯಲ್ಲಿದ್ದೆ. ನೀರಿನಿಂದ ಎದ್ದ ಕ್ಷಣದಲ್ಲಿ ನೀನೊಂದು ಮಣ್ಣಿನ ಹೂಜಿ; ಮೈಮೇಲಿನ ಹನಿಗಳು ಆವಿಯಾಗಲು ನಿನ್ನ ಶಾಖವನ್ನೇ ಕದಿಯುತ್ತವೆ. ಗಾಳಿ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಆ ಚಳಿ ಸಹ್ಯವಾಗುತ್ತದೆ. ತೇವವೂ ಹದವಾಗಿ ಉಳಿದರೆ ಕೊಳದಿಂದ ಏಳುವ ಆವಿಯೂ ಕಡಿಮೆಯಾಗುತ್ತದೆ.

ಕೊಳದ ಆ ಮನೆಯಲ್ಲಿ ಮೂಗಿಗಡರಿದ ವಾಸನೆಯನ್ನು ‘ಶುದ್ಧತೆಯ ಗುರುತು’ ಎಂದು ಪತ್ರದಲ್ಲಿ ಹೊಗಳಿರುವುದನ್ನು ಮಾತ್ರ ನಾನು ಒಪ್ಪಲಾರೆ. ಅದು ಶುದ್ಧ ಕ್ಲೋರಿನ್ನಿನದಲ್ಲ; ಕ್ಲೋರಿನ್ನು ಈಜುವವರ ಬೆವರು ಮೂತ್ರಗಳೊಡನೆ ಕೂಡಿ ಹುಟ್ಟುವ ಕ್ಲೋರಮೀನುಗಳದು. ಆದುದರಿಂದಲೇ ಎಷ್ಟು ಮಿತವ್ಯಯದ ಯಂತ್ರವೂ ಸ್ವಲ್ಪ ಹೊಸ ಗಾಳಿಯನ್ನು ಒಳಕ್ಕೆ ಬಿಡಲೇಬೇಕು. ಈ ಕ್ಲೋರಿನ್ನಿನ ಕೂಸುಗಳು ತೇವದೊಡನೆ ತಂಪಾದ ಲೋಹಕ್ಕೆ ಹತ್ತಿದರೆ ತುಕ್ಕು ಹಿಡಿಯದ ಉಕ್ಕನ್ನೂ ಒಳಗಿನಿಂದ ಬಿರುಕುಗೊಳಿಸುತ್ತವೆ. ಸ್ವಿಟ್ಜರ್ಲೆಂಡಿನ ಊಸ್ಟರ್ ಎಂಬ ಊರಿನಲ್ಲಿ 1985ರ ಮೇ 9ರಂದು ಈಜುಕೊಳದ ಕಾಂಕ್ರೀಟ್ ತೂಗುಮಾಡು, ಅದನ್ನು ಹಿಡಿದಿದ್ದ ಅಂತಹ ಉಕ್ಕಿನ ಸರಳುಗಳು ಕಡಿದು, ಕೆಳಗೆ ಬಿದ್ದು ಹನ್ನೆರಡು ಮಂದಿ ಸತ್ತರು. ಗಾಜಿನ ಮೇಲೆ ನೀರಿಳಿಯುವುದನ್ನು ಕಂಡು ಬೇಸರಪಟ್ಟ ನಮ್ಮ ವ್ಯಾಪಾರಿಗಳ ಕಣ್ಣು, ಅವರಿಗೇ ತಿಳಿಯದಂತೆ, ನೋಡಬೇಕಾದುದನ್ನೇ ನೋಡಿತ್ತು.

ಯಂತ್ರದ ಬೆಲೆಗೆ ಅಂಜುವವರಿಗೆ ಒಂದು ಅಗ್ಗದ ಉಪಾಯವೂ ಉಂಟು. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಕೊಳದ ಮೇಲೆ ಉದ್ದಕ್ಕೂ ಒಂದು ಪ್ಲಾಸ್ಟಿಕ್ ಹೊದಿಕೆಯನ್ನು ಉರುಳಿಸಿ ಹಾಸಿದರೆ ಆವಿ ಏಳುವ ದಾರಿಯೇ ಮುಚ್ಚಿ, ಯಂತ್ರಕ್ಕೆ ಬೆಳಗಿನವರೆಗೆ ಬಹುಮಟ್ಟಿಗೆ ಬಿಡುವು. ಸುಗ್ಗಿಯ ದಿನಗಳಲ್ಲಿ ಸಂಜೆ ಬ್ಯಾಡಗಿಯ ಸುತ್ತಿನ ಕಣಗಳಲ್ಲಿ ರೈತರು ಕೆಂಪು ರಾಶಿಗಳ ಮೇಲೆ ತಾಡಪತ್ರಿ ಎಳೆದು ಅಂಚಿಗೆ ಕಲ್ಲು ಹೇರುವುದು ಮೇಲಿನ ಇಬ್ಬನಿ ಒಳಗೆ ಇಳಿಯದಿರಲೆಂದು. ಈಜುಕೊಳದ ಕಾವಲುಗಾರನು ಹೊದಿಕೆ ಎಳೆಯುವುದು ಒಳಗಿನ ಆವಿ ಮೇಲಕ್ಕೆ ಏಳದಿರಲೆಂದು.