ಗರ್ಭಿಣಿಗೆ ಡೆಂಗ್ಯೂ: ಜ್ವರ ಇಳಿದಾಗಲೇ ಎಚ್ಚರ!

ಮಳೆ ಬಿಟ್ಟು ಬಿಟ್ಟು ಬಂದರೆ ಸಾಕು, ಕಾರ್ಕಳದ ರಬ್ಬರ್ ತೋಟದಲ್ಲಿ ಹಾಲು ಹಿಡಿಯುವ ಗೆರಟೆ, ಉದುರಿದ ಅಡಿಕೆ ಹಾಳೆ, ಕಾಪು ಕಡಲ ತಡಿಯಲ್ಲಿ ಮಗುಚದೆ ಬಿಟ್ಟ ದೋಣಿ, ಉಡುಪಿಯ ಮನೆಯಂಗಳದ ಹಳೆಯ ಟಯರು ಎಲ್ಲದರಲ್ಲೂ ನೀರು ನಿಲ್ಲುತ್ತದೆ. ಈಡಿಸ್ ಸೊಳ್ಳೆಗೆ ಬೇಕಾದದ್ದು ಅಷ್ಟೇ. ಹಗಲು ಹೊತ್ತಿನಲ್ಲಿ ಕಚ್ಚುವ ಈ ಸೊಳ್ಳೆ ಡೆಂಗ್ಯೂ, ಚಿಕೂನ್‌ಗುನ್ಯಾ ಎರಡನ್ನೂ ಹರಡಬಲ್ಲದು. ಮನೆಯಲ್ಲಿ ಗರ್ಭಿಣಿಯಿದ್ದರೆ ಅಪಾಯ ಎರಡು ಜೀವಗಳಿಗೆ.

ಜ್ವರ ಇಳಿದರೆ ನಾವು ನಿಟ್ಟುಸಿರು ಬಿಡುತ್ತೇವೆ. ಡೆಂಗ್ಯೂವಿನಲ್ಲಿ ಹಾಗಲ್ಲ. ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುವಾಗಲೇ ಕೆಲವರಲ್ಲಿ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ, ರಕ್ತ ಮಂದವಾಗುತ್ತದೆ. ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು, ಅಂದರೆ ಹೆಮಟೋಕ್ರಿಟ್, ಏರುವುದೇ ಇದರ ಸೂಚನೆ. ಪ್ಲೇಟ್‌ಲೆಟ್ ಎಣಿಕೆಯ ಜೊತೆಗೆ ವೈದ್ಯರು ಇದನ್ನೂ ಪದೇ ಪದೇ ನೋಡುವುದು ಈ ಕಾರಣಕ್ಕೆ.

ಗರ್ಭಿಣಿಯಲ್ಲಿ ಒಂದು ತೊಡಕಿದೆ. ಬಸಿರಿನಲ್ಲಿ ರಕ್ತದ ದ್ರವಭಾಗ ಸಹಜವಾಗಿಯೇ ಹೆಚ್ಚಿ ಹೆಮಟೋಕ್ರಿಟ್ ತಗ್ಗಿರುತ್ತದೆ. 32 ಇದ್ದದ್ದು 38ಕ್ಕೆ ಏರಿದರೆ ವರದಿ ಓದಿದವರಿಗೆ ‘ಸರಿಯಾಗಿಯೇ ಇದೆ’ ಎನಿಸೀತು. ಲೆಕ್ಕ ಹಾಕಿ ನೋಡಿ, ಏರಿಕೆ ಶೇಕಡಾ 19ರ ಹತ್ತಿರ! ಶೇಕಡಾ 20ರ ಏರಿಕೆ ದ್ರವ ಸೋರಿಕೆಯ ಗುರುತು. ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ. ಅದರಲ್ಲಿರುವ ಹಿಂದಿನ ಹಿಮೋಗ್ಲೋಬಿನ್ ಅಂಕಿಯನ್ನು ಮೂರರಿಂದ ಗುಣಿಸಿದರೆ ಹಳೆಯ ಹೆಮಟೋಕ್ರಿಟ್ ಸುಮಾರಾಗಿ ತಿಳಿಯುತ್ತದೆ.

ಡೆಂಗ್ಯೂ ವೈರಸ್ಸನ್ನು ಕೊಲ್ಲುವ ಮದ್ದಿಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮತ್ತು ಅಳತೆಯರಿತು ಕೊಡುವ ದ್ರವ, ಇವೇ ಚಿಕಿತ್ಸೆ. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವ ಹೆಚ್ಚಿಸಬಹುದು, ಅವು ಬೇಡ. ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡಬಾರದು. ಕಾಪು, ಕಾರ್ಕಳದ ಕಡೆಯವರು ರಕ್ತನಿಧಿ ಮತ್ತು ಎಳೆಗೂಸುಗಳ ವಿಶೇಷ ಘಟಕವಿರುವ ಉಡುಪಿ, ಮಣಿಪಾಲದ ಆಸ್ಪತ್ರೆಗೆ ಹೊರಡುವ ತೀರ್ಮಾನವನ್ನು ಕೊನೆಯ ಗಳಿಗೆಗೆ ಬಿಡಬಾರದು.

ಹೆರಿಗೆಯ ಹೊತ್ತಿಗೆ ತಾಯಿಗೆ ಜ್ವರವಿದ್ದರೆ ವೈರಸ್ ಮಗುವಿಗೂ ದಾಟಬಹುದು. 2005–06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಚಿಕೂನ್‌ಗುನ್ಯಾ ಹಬ್ಬಿದಾಗ, ಹೆರಿಗೆ ಕಾಲಕ್ಕೆ ರಕ್ತದಲ್ಲಿ ವೈರಸ್ ಇದ್ದ ತಾಯಂದಿರ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಸೋಂಕಿಗೊಳಗಾದವು. ಸಿಸೇರಿಯನ್ ಕೂಡ ತಡೆಯಲಿಲ್ಲ. ಹುಟ್ಟಿದಾಗ ಚೆನ್ನಾಗಿದ್ದ ಕೂಸುಗಳಿಗೆ ಕಾಯಿಲೆ ಕಾಣಿಸಿದ್ದು ಮೂರು-ನಾಲ್ಕು ದಿನಗಳ ಬಳಿಕ. ಹಾಗಾಗಿ ತಾಯಿಯ ಜ್ವರದ ವಿಷಯ ಮಕ್ಕಳ ವೈದ್ಯರಿಗೆ ತಿಳಿಸಲೇಬೇಕು. ಮಗು ಬಿಸಿಯಾದರೆ, ಹಾಲು ಕುಡಿಯದಿದ್ದರೆ ಕೂಡಲೇ ತೋರಿಸಬೇಕು. ತಾಯಿಹಾಲು ಮಾತ್ರ ನಿಲ್ಲಿಸುವುದು ಬೇಡ.

ವಿದ್ಯಾರ್ಥಿಗಳೇ, ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬೇಕು. ವಾರಕ್ಕೊಂದು ದಿನ ಗೊತ್ತುಮಾಡಿ, ಮನೆಯ ಸುತ್ತಲಿನ ಗೆರಟೆ, ಹಾಳೆ, ಟಯರುಗಳ ನೀರು ಚೆಲ್ಲಿ. ಪಕ್ಕದ ಮನೆಯಲ್ಲಿ ಬಸುರಿ ಇದ್ದರೆ ಆ ಅಂಗಳಕ್ಕೂ ಹೋಗಿ ಬನ್ನಿ.