ಎಸ್ಟೋನಿಯಾ ಎಂಬ ವಾಹನನೌಕೆ

ಮೋಟಾರುಗಳನ್ನು ಒಡಲಲ್ಲಿಟ್ಟು ಸಾಗಿಸುವ ನೌಕೆಗಳಿಗೆ ಮುಂದೆಯೂ ಹಿಂದೆಯೂ ಬಾಗಿಲುಗಳಿರುವುದು ವಾಡಿಕೆ. ಈ ಸೌಕರ್ಯವೇ ವಿಪತ್ತಿಗೂ ದ್ವಾರವಾಗಬಲ್ಲುದೆಂಬುದಕ್ಕೆ ಎಸ್ಟೋನಿಯಾ ನಿದರ್ಶನವು. ಸುಮಾರು 155 ಮೀಟರು ಉದ್ದದ ಈ ಹಡಗು 1980ರಲ್ಲಿ ಜರ್ಮನಿಯ ಪಾಪೆನ್‌ಬುರ್ಗಿನಲ್ಲಿ ನಿರ್ಮಿತವಾಗಿ, ವೈಕಿಂಗ್ ಸ್ಯಾಲಿ ಮೊದಲಾದ ಹೆಸರುಗಳನ್ನು ಧರಿಸಿ, 1993ರಿಂದ ಎಸ್ಟೋನಿಯಾ ಎಂಬ ನಾಮದಿಂದ ತಾಲಿನ್‌-ಸ್ಟಾಕ್‌ಹೋಮ್ ಮಾರ್ಗದಲ್ಲಿ ಸಂಚರಿಸುತ್ತಿದ್ದಿತು.

1994ನೆಯ ಸೆಪ್ಟೆಂಬರು 28ರ ರಾತ್ರಿ ಬಾಲ್ಟಿಕ್ ಸಮುದ್ರದ ಅಲೆಗಳ ಹೊಡೆತಕ್ಕೆ ಮುಖಕವಚದ ಅಗುಳಿಗಳು ಮುರಿದುವು. ಕಳಚಿಬಿದ್ದ ಕವಚವು ಒಳಬಾಗಿಲನ್ನೂ ಸೆಳೆದು ತೆರೆಯಿತೆಂದು 1997ರ ತನಿಖಾವರದಿಯು ನಿರ್ಣಯಿಸಿತು. ವಾಹನಗಳ ಅಂತಸ್ತು ಅಡ್ಡಗೋಡೆಗಳಿಲ್ಲದ ಬಯಲಾದುದರಿಂದ ನುಗ್ಗಿದ ನೀರು ಒಂದೇ ಮಗ್ಗುಲಿಗೆ ಸರಿದು ಹಡಗನ್ನು ಉರುಳಿಸಿತು. ಒಳಗಿದ್ದ 989 ಮಂದಿಯಲ್ಲಿ 852 ಮಂದಿ ಮೃತರಾದರು.

ಹಾನಿಗೊಂಡ ನೌಕೆಯ ವಾಹನಾಂತಸ್ತಿನಲ್ಲಿ ನೀರು ನಿಂತರೂ ಅದು ಮಗುಚಬಾರದೆಂದು 1996ರ ಸ್ಟಾಕ್‌ಹೋಮ್ ಒಪ್ಪಂದವು ವಿಧಿಸಿತು. ಈ ವಿಧಿಯ ಹಿಂದೆ ಅಷ್ಟು ಜನರ ಮರಣವಿರುವುದೆಂಬುದನ್ನು ವಾಚಕರು ಮರೆಯಲಾಗದು.