ಎರಡು 'ಕೆ', ಒಂದೇ ಗಲಿಬಿಲಿ

ಹರಿಹರದ ಬಸ್ಸಿಳಿದು, ಡಾಕ್ಟರ ಚೀಟಿ ಹಿಡಿದು ಪಿ.ಜೆ. ಬಡಾವಣೆಯ ಕಡೆ ನಡೆಯುವವರಲ್ಲಿ "ರಕ್ತ ತೆಳು ಮಾಡೋ ಗುಳಿಗೆ" ನುಂಗುವವರೂ ಇರುತ್ತಾರೆ. ಹೃದಯದ ಕವಾಟ ಬದಲಿಸಿಕೊಂಡವರು, ಎದೆಬಡಿತ ತಾಳ ತಪ್ಪಿದವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು. ಗುಳಿಗೆಗೆ ದುಡ್ಡು ಕೊಡಬೇಕು. ಸಲಹೆ ಮಾತ್ರ ಬಿಟ್ಟಿ. "ಕೆ ಇರೋದು ಏನೂ ತಿನ್ನಬ್ಯಾಡ್ರಿ" ಅನ್ನುತ್ತಾರೆ ಪಕ್ಕದ ಸೀಟಿನವರು.

ಯಾವ ಕೆ? ಎಡವಟ್ಟು ಆಗುವುದೇ ಇಲ್ಲಿ.

ಒಂದು, ವಿಟಮಿನ್ ಕೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದದ್ದು. ಇದನ್ನು ಕಂಡುಹಿಡಿದ ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಅವರಿಗೆ 1943ರ ನೊಬೆಲ್ ಬಂತು. ಇನ್ನೊಂದು, ಪೊಟ್ಯಾಸಿಯಂ ಎಂಬ ಲವಣ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಅದರ ಗುರುತು ಅಕ್ಷರವೂ ಕೆ. ಹೆಸರು ಒಂದಾದ ಮಾತ್ರಕ್ಕೆ ಇಬ್ಬರೂ ಒಂದೇ ಮನೆಯವರಲ್ಲ.

ವಾರ್ಫರಿನ್, ಅಸಿನೋಕೌಮರಾಲ್ ಗುಳಿಗೆಗಳು ಕೆಲಸ ಮಾಡುವುದು ವಿಟಮಿನ್ ಕೆ ವಿರುದ್ಧ. ವಾರ್ಫರಿನ್ 1948ರಲ್ಲಿ ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ. ಮನುಷ್ಯರ ಔಷಧಿಯಾದದ್ದು 1954ರಲ್ಲಿ. ಪ್ರಮಾಣ ತಪ್ಪಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಒಬ್ಬ ಕಿರಾಣಿ ಅಂಗಡಿ ಯಜಮಾನರು ಇದ್ದಾರೆ ಅಂತ ಇಟ್ಟುಕೊಳ್ಳಿ. ಬಸ್ಸಿನ ಸಲಹೆ ಕೇಳಿ ಬಾಳೆಹಣ್ಣು, ಎಳನೀರು ಬಿಟ್ಟರು. ಪಥ್ಯ ಮುಗೀತು ಅಂತ ದಿನಾ ಎರಡು ಹೊತ್ತು ಪಾಲಕ್ ಸಾರು ಶುರು ಹಚ್ಚಿದರು. ಗುಳಿಗೆಯ ಬಲ ಕುಗ್ಗಿತು; ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದರೂ ಹೊಡೆಯಿತೇ. ಹೆದರಿ ಸೊಪ್ಪನ್ನೇ ಪೂರ್ತಿ ಬಿಟ್ಟರೋ, ಗುಳಿಗೆಯ ಬಲ ಏರಿ ವಸಡಿನಲ್ಲಿ ರಕ್ತ. ಅಲ್ಲೂ ಅಪಾಯ, ಇಲ್ಲೂ ಅಪಾಯ.

ಹಾಗಾದರೆ ದಾರಿ? ಸೊಪ್ಪು ಬಿಡುವುದಲ್ಲ, ಅಳತೆ ಕಾಯುವುದು. ವಾರಕ್ಕೆ ಎರಡು ದಿನ ತಿನ್ನುವ ರೂಢಿಯಿದ್ದರೆ ಎರಡೇ ದಿನ, ಸುಮಾರು ಅಷ್ಟೇ ಪ್ರಮಾಣ. ಐ.ಎನ್.ಆರ್. ರಕ್ತ ಪರೀಕ್ಷೆ ತಪ್ಪಿಸಬಾರದು. ಬಹುಪಾಲು ಜನರಿಗೆ ಅದು 2ರಿಂದ 3ರೊಳಗೆ ಇರಬೇಕು; ಕೃತಕ ಕವಾಟದ ಕೆಲವರಿಗೆ ಇನ್ನೂ ತುಸು ಮೇಲೆ. ಅಪಿಕ್ಸಬಾನ್, ರಿವರಾಕ್ಸಬಾನ್ ಎಂಬ ಹೊಸ ಗುಳಿಗೆಯವರಿಗೆ ಈ ಸೊಪ್ಪಿನ ಲೆಕ್ಕವಿಲ್ಲ. ಆದ್ದರಿಂದ ಮೊದಲು ಚೀಟಿಯಲ್ಲಿ ಗುಳಿಗೆಯ ಹೆಸರು ನೋಡಿಸಿಕೊಳ್ಳಿ.

ಪೊಟ್ಯಾಸಿಯಂ ಪಥ್ಯ ಯಾರಿಗೆ?

ರಕ್ತ ತೆಳುವಿನ ಗುಳಿಗೆ ನುಂಗುವವರಿಗೆಲ್ಲ ಅಲ್ಲ. ಮೂತ್ರಪಿಂಡ ಸೋತವರಿಗೆ, ಬಿ.ಪಿ. ಮತ್ತು ಹೃದಯದ ಕೆಲವು ಗುಳಿಗೆ ತಿನ್ನುವವರಲ್ಲಿ ರಕ್ತದ ಪೊಟ್ಯಾಸಿಯಂ ಏರಿದವರಿಗೆ. ಇದು ಮಿತಿ ಮೀರಿದರೆ ಮುನ್ಸೂಚನೆಯೇ ಇಲ್ಲದೆ ಎದೆಬಡಿತ ಕೆಡಬಹುದು. ಎರಡೂ ತಾಪತ್ರಯ ಒಬ್ಬರಿಗೇ ಇರುವುದೂ ಉಂಟು.

ಅಂಥವರ ಅಡಿಗೆಮನೆ ಲೆಕ್ಕ ಹೀಗೆ. ಬಾಳೆಹಣ್ಣು, ಆಲೂಗಡ್ಡೆ, ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ವಿಟಮಿನ್ ಕೆ ಇಲ್ಲವೆನ್ನುವಷ್ಟು ಕಡಿಮೆ. ಎಲೆಕೋಸು ಇದಕ್ಕೆ ತಿರುಗಾ-ಮುರುಗಾ. ಪಾಲಕ್‌ನಲ್ಲಿ ಎರಡೂ ಹೆಚ್ಚು. ಸೋರೆಕಾಯಿ, ಹೀರೆಕಾಯಿ, ಸಿಪ್ಪೆ ತೆಗೆದ ಸೌತೆಕಾಯಿ, ಸೇಬು, ಅನಾನಸ್ ಹಿತಮಿತವಾಗಿ ಎರಡಕ್ಕೂ ಹೊಂದುತ್ತವೆ. ಬೆಣ್ಣೆದೋಸೆ ಆಸೆಯಾದರೆ ಪಕ್ಕದ ಆಲೂಗಡ್ಡೆ ಪಲ್ಯವನ್ನಾದರೂ ಬಿಡಿ. ಮನೆಯಲ್ಲಾದರೆ ಆಲೂಗಡ್ಡೆ ಸುಲಿದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ ನೀರು ಚೆಲ್ಲಿದರೆ ಪೊಟ್ಯಾಸಿಯಂ ಇಳಿಯುತ್ತದೆ. ಸೊಪ್ಪಿನ ವಿಟಮಿನ್ ಕೆಗೆ ಈ ಉಪಾಯ ನಡೆಯದು. ಅದು ನೀರಿನಲ್ಲಿ ಕರಗುವ ಜಾತಿಯದಲ್ಲ.

ಅಂಗಡಿಯವರಿಗೂ ಒಂದು ಮಾತು. ಬಿ.ಪಿ.ಯವರಿಗೆ ಒಳ್ಳೆಯದು ಅಂತ ಮಾರುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಬಹುತೇಕ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಮೂತ್ರಪಿಂಡದ ಕಾಯಿಲೆಯವರ ಕೈಗೆ ಅದನ್ನು ಡಾಕ್ಟರನ್ನು ಕೇಳದೆ ಕೊಡುವಂತಿಲ್ಲ.

ಮಂಡಿನೋವಿಗೆ ಚೀಟಿಯಿಲ್ಲದೆ ಕೊಳ್ಳುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಗುಳಿಗೆಗಳು ಎರಡೂ ಕಡೆ ಬೆಂಕಿ ಹಚ್ಚುವಂಥವು: ರಕ್ತಸ್ರಾವದ ಅಪಾಯವೂ ಹೆಚ್ಚು, ಪೊಟ್ಯಾಸಿಯಂ ಕೂಡ ಏರಬಹುದು. ಮಲ ಕಪ್ಪಗಾದರೆ, ಮೂತ್ರದಲ್ಲಿ ರಕ್ತ ಕಂಡರೆ, ತಲೆಗೆ ಪೆಟ್ಟು ಬಿದ್ದರೆ ನಾಳೆ ನೋಡೋಣ ಅನ್ನದೆ ಅಂದೇ ಆಸ್ಪತ್ರೆಗೆ.

ಮುಂದಿನ ಸಲ ಡಾಕ್ಟರ ಮುಂದೆ ಕೂತಾಗ ಒಂದೇ ಪ್ರಶ್ನೆ ಸಾಕು: "ಸಾರ್, ನನಗೆ ಕಟ್ಟಿರೋದು ಯಾವ ಕೆ?" ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ. ಬಸ್ಸಿನ ಪಕ್ಕದ ಸೀಟಿನವರು ಕೇಳಿದರೆ ಅವರಿಗೂ ತೋರಿಸಿ.